ಮೇ ಪ್ಯಾಕೇಜಾ, ಡಿಸೆಂಬರ್ ರಜೆಯಾ, ದಸರಾ ಟಿಕೆಟ್ಟಾ: ಮೂರನ್ನೂ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ದಸರಾ ರಜೆಗೆ. ಅದೂ ನಾವೇ ಟಿಕೆಟ್ ತೆಗೆದು, ನಾವೇ ರೂಮ್ ಹುಡುಕಿಕೊಂಡು ಹೋಗುವುದಕ್ಕೆ. ಆ ದಸರಾ ಪ್ರವಾಸದಲ್ಲೇ 31 ಸಾವಿರ ರೂಪಾಯಿ ಸುಮ್ನೆ ನೀರಿಗೆ ಹಾಕಿದ್ದೇನೆ. ಆದರೂ ಓಟು ಅದಕ್ಕೇ.

ನಾವು ನಾಲ್ಕು ಜನ. ಬೆಂಗಳೂರಿನ ಬನಶಂಕರಿ ಕಡೆ ಮನೆ. ಮಗಳು ಹೈಸ್ಕೂಲು, ಮಗ ಪ್ರೈಮರಿ. ಇವರದು ಖಾಸಗಿ ಕಂಪನಿ ಕೆಲಸ, ನಾನು ಅರ್ಧ ದಿನ ಪ್ಲೇ ಹೋಮ್‌ಗೆ ಹೋಗುತ್ತೇನೆ. ತಿಂಗಳು ತಿಂಗಳು ಚೀಟಿ ಕಟ್ಟಿ, ಅದು ಕೈಗೆ ಬಂದ ಮೇಲೆ ಹೊರಡುವ ಜನ ನಾವು. ಹಾಗೆ ಮೂರು ಸಲ ಹೋಗಿ ಬಂದೆವು: 2023ರ ಮೇ ತಿಂಗಳಲ್ಲಿ ಸಿಂಗಾಪುರ, 2024ರ ದಸರಾದಲ್ಲಿ ಮಲೇಷ್ಯಾ, 2025ರ ಡಿಸೆಂಬರ್‌ನಲ್ಲಿ ಥಾಯ್ಲೆಂಡಿನ ಫುಕೆಟ್. ಊರುಗಳು ಬೇರೆ ಬೇರೆ, ಸರಿ. ನಾನು ಇಲ್ಲಿ ತೂಗುತ್ತಿರುವುದು ಊರನ್ನಲ್ಲ, ರಜೆಯನ್ನು.

ಸಿಂಗಾಪುರ ಪ್ಯಾಕೇಜಿಗೆ ಹೋಗಿದ್ದು ನಮ್ಮ ನಾದಿನಿ ಹೇಳಿದಳು ಅಂತ. "ಅತ್ತಿಗೆ, ನೀವು ಬರೀ ಬ್ಯಾಗ್ ಹಿಡ್ಕೊಂಡು ಹೋಗಿ, ಮಿಕ್ಕಿದ್ದೆಲ್ಲ ಅವರೇ ನೋಡ್ಕೋತಾರೆ" ಅಂದಳು. ನಿಜ, ನೋಡಿಕೊಂಡರು. ಸಿಂಗಾಪುರಕ್ಕೆ ನಮಗೆ ವೀಸಾ ಬೇಕು, ಅದನ್ನು ಅವರೇ ಮಾಡಿಸಿದರು. ಏರ್‌ಪೋರ್ಟ್‌ನಲ್ಲಿ ಬೋರ್ಡ್ ಹಿಡಿದು ನಿಂತಿದ್ದರು. ಆದರೆ ಬೆಳಿಗ್ಗೆ ಏಳೂವರೆಗೆ ಬಸ್ಸು, ಮಧ್ಯಾಹ್ನ ಪನೀರ್, ರಾತ್ರಿ ಮತ್ತೆ ಪನೀರ್. ನಾಲ್ಕನೇ ದಿನ ನನ್ನ ಮಗ "ಅಮ್ಮ, ಇವತ್ತು ಬಸ್ಸು ಬೇಡ" ಅಂತ ರೂಮಿನ ಬಾಗಿಲಲ್ಲೇ ಕೂತುಬಿಟ್ಟ. ಮೇ ತಿಂಗಳ ಆ ಬೆವರಿನಲ್ಲಿ ಸೆಂಟೋಸಾ ದ್ವೀಪದ ಕ್ಯೂನಲ್ಲಿ ನಿಂತವರಿಗೇ ಗೊತ್ತು ಅವನ ಕಷ್ಟ.

ದುಡ್ಡಿನ ಲೆಕ್ಕಕ್ಕೆ ಬರೋಣ. ನಾಲ್ಕು ಜನಕ್ಕೆ 3,60,000 ಅಂದರು. ಅದರ ಮೇಲೆ ಶೇ 5 ಜಿಎಸ್‌ಟಿ, 18,000. ಅದನ್ನೂ ಸೇರಿಸಿ ಆ ಮೊತ್ತದ ಮೇಲೆ ಶೇ 5 ಟಿಸಿಎಸ್ (ಪ್ಯಾಕೇಜ್ ಮಾರುವವರು ನಮ್ಮಿಂದ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ), 18,900. ಒಟ್ಟು 3,96,900. ಕೈಖರ್ಚು ಬೇರೆ. ಟಿಸಿಎಸ್ ಖರ್ಚಲ್ಲ, ಮುಂಗಡ ತೆರಿಗೆ ಇದ್ದ ಹಾಗೆ, ರಿಟರ್ನ್ ಹಾಕಿದರೆ ವಾಪಸ್ ಬರುತ್ತೆ ಅಂತ ಸಮಾಧಾನ ಹೇಳಿದರು. ಬರುತ್ತೆ, ಸುಳ್ಳಲ್ಲ. ಆದರೆ ಚೀಟಿ ದುಡ್ಡು ನನ್ನ ಖಾತೆಯಲ್ಲಿತ್ತು, ಹಾಗಾಗಿ ನಾನೇ ಕಟ್ಟಿದೆ, ನನ್ನ ಪ್ಯಾನ್ ಕೊಟ್ಟೆ. ಪ್ಲೇ ಹೋಮ್ ಸಂಬಳಕ್ಕೆ ನಾನು ಯಾವತ್ತೂ ರಿಟರ್ನ್ ಹಾಕಿದವಳಲ್ಲ. 2023ರ ಏಪ್ರಿಲ್‌ನಲ್ಲಿ ಕಟ್ಟಿದ ದುಡ್ಡಿಗಾಗಿ 2024ರ ಜುಲೈನಲ್ಲಿ ಮೊದಲ ಸಲ ರಿಟರ್ನ್ ಹಾಕಿಸಿದೆ, ಆಡಿಟರಿಗೆ 1,000 ಕೊಟ್ಟೆ, ಆಗಸ್ಟ್‌ನಲ್ಲಿ ದುಡ್ಡು ಬಂತು. ಹದಿನಾರು ತಿಂಗಳು! ಇವರ ಪ್ಯಾನ್ ಕೊಟ್ಟಿದ್ದರೆ ಇಷ್ಟು ಒದ್ದಾಟ ಇರುತ್ತಿರಲಿಲ್ಲ. ವಿಮಾನದ ಟಿಕೆಟ್ ಬೇರೆ, ರೂಮ್ ಬೇರೆ ಅಂತ ನಾವೇ ತೆಗೆದುಕೊಂಡರೆ ಅದು ಪ್ಯಾಕೇಜ್ ಲೆಕ್ಕಕ್ಕೆ ಬರುವುದಿಲ್ಲ, ಈ ಟಿಸಿಎಸ್ ತಾಪತ್ರಯವೂ ಇಲ್ಲ.

ಮೇ ತಿಂಗಳ ಇನ್ನೊಂದು ಕಷ್ಟ ಯಾವ ಟ್ರಾವೆಲ್ ಏಜೆಂಟೂ ಹೇಳುವುದಿಲ್ಲ. ವಾಪಸ್ ಬಂದ ವಾರವೇ ಇಬ್ಬರ ಸ್ಕೂಲ್ ಫೀಸಿನ ಮೊದಲ ಕಂತು, ವ್ಯಾನ್ ಫೀಸು, ಪುಸ್ತಕ, ಶೂ, ಯೂನಿಫಾರ್ಮು. ಪ್ರವಾಸದ ಸೂಟ್‌ಕೇಸ್ ಇನ್ನೂ ಹಾಲ್‌ನಲ್ಲೇ ಬಿದ್ದಿರುವಾಗ ಒಂದೂಕಾಲು ಲಕ್ಷ ಹೊಂದಿಸಬೇಕು. ಆ ತಿಂಗಳು ನಾವು ಹಾಲಿನವನಿಗೂ ಎರಡು ಕಂತಿನಲ್ಲಿ ಕೊಟ್ಟೆವು. ಜೊತೆಗೆ ಮೇನಲ್ಲಿ ದೆಹಲಿ, ಮುಂಬೈ ಮಕ್ಕಳಿಗೂ ರಜೆ ಶುರು, ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಟಿಕೆಟ್ ಬೆಲೆ ಏರದೆ ಇನ್ನೇನು? ಬೇಸಿಗೆಯಲ್ಲೇ ಹೋಗಬೇಕು ಅನ್ನುವವರು ನಮ್ಮಲ್ಲಿ ಪರೀಕ್ಷೆ ಮುಗಿದ ಕೂಡಲೇ, ಏಪ್ರಿಲ್ ಮಧ್ಯದಲ್ಲೇ ಹೋಗಿಬಿಡಿ.

ಈಗ ನನ್ನ ದಸರಾ ಪ್ರವಾಸ. 2024ರ ಫೆಬ್ರವರಿಯಲ್ಲಿ ಒಂದು ವಿಮಾನ ಕಂಪನಿಯ ಸೇಲ್ ಬಂತು. ಕೌಲಾಲಂಪುರಕ್ಕೆ ಹೋಗಿ ಬರಲು ತಲೆಗೆ 18,500. ನಾಲ್ಕು ಜನಕ್ಕೆ 74,000. ಪ್ಯಾಕೇಜಿನ ನೋವು ಇನ್ನೂ ಹಸಿಯಾಗಿತ್ತು, ಕೈ ತಡೆಯಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡಿದೆ. ಅಕ್ಟೋಬರ್ 2 ಮಹಾಲಯ ಅಮಾವಾಸ್ಯೆ, 12 ವಿಜಯದಶಮಿ. ನವರಾತ್ರಿ ಶುರುವಾದ ಮೇಲೆ ಯಾವ ಸ್ಕೂಲು ನಡೆಯುತ್ತೆ ಅಂದುಕೊಂಡು 5ನೇ ತಾರೀಕು ಶನಿವಾರ ಹೊರಟು 11ಕ್ಕೆ ವಾಪಸ್ ಅಂತ ಟಿಕೆಟ್ ತೆಗೆದೆ. ಬೆಳಿಗ್ಗೆ ಬಂದಿಳಿದು ಸಂಜೆ ಸ್ಕೂಟರಿಗೆ ಪೂಜೆ ಮಾಡಿಬಿಡೋಣ ಅಂತ. ಎಷ್ಟು ಜಾಣೆ ನಾನು ಅಂತ ನಾಲ್ಕು ತಿಂಗಳು ಮೆರೆದೆ.

ಜೂನ್‌ನಲ್ಲಿ ಮಕ್ಕಳ ಡೈರಿ ಬಂತು. ಮಗನದು ರಾಜ್ಯ ಪಠ್ಯಕ್ರಮದ ಸ್ಕೂಲು, ಸರ್ಕಾರದ ವೇಳಾಪಟ್ಟಿಯಂತೆ ಅಕ್ಟೋಬರ್ 3ರಿಂದ 20ರವರೆಗೆ ರಜೆ. ಮಗಳದು ಕೇಂದ್ರ ಪಠ್ಯಕ್ರಮ. ಅವಳಿಗೆ 9ನೇ ತಾರೀಕಿನವರೆಗೆ ಅರ್ಧವಾರ್ಷಿಕ ಪರೀಕ್ಷೆ, 10ರಿಂದ ರಜೆ! ಎತ್ತು ಏರಿಗೆ, ಕೋಣ ನೀರಿಗೆ. ಒಂದೇ ಬೀದಿಯಿಂದ ಹೊರಡುವ ಎರಡು ಮಕ್ಕಳಿಗೆ ಒಂದೇ ಹಬ್ಬಕ್ಕೆ ಎರಡು ರಜೆ. ಸ್ಕೂಲಿಗೆ ಹೋಗಿ ಕೇಳಿದೆ. ಮೆಡಿಕಲ್ ಸರ್ಟಿಫಿಕೇಟ್ ಇದ್ದರೆ ಮಾತ್ರ ಮರುಪರೀಕ್ಷೆ, ಇಲ್ಲದಿದ್ದರೆ ಸೊನ್ನೆ ಅಂದರು. ಪಕ್ಕದ ಮನೆಯವರು "ನಮ್ಮ ಡಾಕ್ಟರ್ ಕೊಡ್ತಾರೆ ಕಣ್ರೀ, ವೈರಲ್ ಫೀವರ್ ಅಂತ ಬರೆಸಿ" ಅಂದರು. ಜ್ವರ ಬಂದ ಹುಡುಗಿ ಸಮುದ್ರದ ಬಿಸಿಲಿಗೆ ಕಪ್ಪಾಗಿ ಸ್ಕೂಲಿಗೆ ಹೋದರೆ ಕ್ಲಾಸ್ ಟೀಚರ್ ಕುರುಡರೇ? ಮಗಳೇ ಬೇಡ ಅಂದಳು, ಒಳ್ಳೆಯದಾಯಿತು.

ಸರಿ, ಟಿಕೆಟ್ ರದ್ದು ಮಾಡೋಣ ಅಂತ ನೋಡಿದರೆ ಸೇಲ್ ಟಿಕೆಟ್ಟಿಗೆ ಒಂದಿಷ್ಟು ತೆರಿಗೆ ಬಿಟ್ಟು ಬೇರೇನೂ ವಾಪಸ್ ಇಲ್ಲ. ದಿನಾಂಕ ಬದಲಿಸಬಹುದು. ಬದಲಾವಣೆ ಶುಲ್ಕ ತಲೆಗೆ ಇಷ್ಟು, ಹೋಗುವುದಕ್ಕೆ ಬೇರೆ, ಬರುವುದಕ್ಕೆ ಬೇರೆ. ಅದರ ಮೇಲೆ ಅವತ್ತಿನ ಬೆಲೆಗೂ ನಾವು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸ. ಎಲ್ಲ ಸೇರಿ ತಲೆಗೆ 7,800, ನಾಲ್ಕು ಜನಕ್ಕೆ 31,200. ಫೋನ್‌ನಲ್ಲಿ ಮಾತಾಡಿದ ಹುಡುಗಿ ತುಂಬಾ ಮರ್ಯಾದೆಯಾಗಿ ಮಾತಾಡಿದಳು, ಅದಕ್ಕೇ ಇನ್ನೂ ಜಾಸ್ತಿ ಸಿಟ್ಟು ಬಂತು. ಮೂರು ದಿನ ಅಳೆದು ಸುರಿದು, ಕೊನೆಗೆ 13ರಿಂದ 19ಕ್ಕೆ ಬದಲಿಸಿದೆ. ಇವರ ಆಫೀಸಿನಲ್ಲಿ ಮೊದಲ ವಾರಕ್ಕೆ ಒಪ್ಪಿದ್ದ ರಜೆಯನ್ನೂ ಮತ್ತೆ ಕೇಳಬೇಕಾಯಿತು. ಅದರ ಕಥೆ ಬೇಡ. ಹೋಟೆಲ್ ಮಾತ್ರ ಉಚಿತವಾಗಿ ರದ್ದು ಮಾಡುವಂಥದ್ದನ್ನು ತೆಗೆದಿದ್ದೆ, ಬದುಕಿಕೊಂಡೆ.

ಆಮೇಲೆ ಲೆಕ್ಕ ಹಾಕಿ ನೋಡಿದೆ. ಡೈರಿ ಬರುವವರೆಗೆ ಕಾದು ಜುಲೈನಲ್ಲಿ ತೆಗೆದಿದ್ದರೆ ಅದೇ ಟಿಕೆಟ್ ಸುಮಾರು 22,000 ಇತ್ತು. ಅಂದರೆ ನಾಲ್ಕು ಜನಕ್ಕೆ 14 ಸಾವಿರ ಜಾಸ್ತಿ. 14 ಉಳಿಸಲು ಹೋಗಿ 31 ಕೊಟ್ಟೆ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ ಇರಬೇಕು.

ದಸರಾದ ಕಷ್ಟ ಇದೊಂದೇ: ಅದು ನಿಂತ ಕಡೆ ನಿಲ್ಲುವುದಿಲ್ಲ. ಬೇಸಿಗೆ ರಜೆ, ಕ್ರಿಸ್‌ಮಸ್ ರಜೆ ವರ್ಷ ವರ್ಷ ಅದೇ ತಾರೀಕಿನ ಆಸುಪಾಸಿನಲ್ಲಿ ಬರುತ್ತವೆ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24, 2024ರಲ್ಲಿ 12, 2025ರಲ್ಲಿ 2. ಚಾಂದ್ರಮಾನದ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು, ಅದಕ್ಕೆ ಹಿಂದೆ ಹಿಂದೆ ಸರಿಯುತ್ತಾ ಬರುತ್ತದೆ. ಅಧಿಕ ಮಾಸ ಬಿದ್ದ ವರ್ಷ ಮತ್ತೆ ಮುಂದಕ್ಕೆ ಜಿಗಿಯುತ್ತದೆ. 2023ರಲ್ಲಿ ಅಧಿಕ ಶ್ರಾವಣ ಇತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಇದೆ, ಹಾಗಾಗಿ ವಿಜಯದಶಮಿ ಅಕ್ಟೋಬರ್ 20ರ ಆಸುಪಾಸಿಗೆ. ನಮ್ಮ ಅತ್ತೆ ಪಂಚಾಂಗ ನೋಡಿ ಹೇಳುವುದನ್ನು ನಾನು ವಿಮಾನದ ಟಿಕೆಟ್ಟಿಗೆ ಬಳಸುತ್ತೇನೆ ಅಂತ ಅವರಿಗೆ ಒಂಥರಾ ಹೆಮ್ಮೆ.

ಪಂಚಾಂಗ ಹಬ್ಬವನ್ನು ಹೇಳುತ್ತದೆ, ಸ್ಕೂಲನ್ನು ಹೇಳುವುದಿಲ್ಲ, ಅದು ನೆನಪಿರಲಿ. 2025ರಲ್ಲಿ ರಾಜ್ಯದ ವೇಳಾಪಟ್ಟಿ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7. ಆಮೇಲೆ ಟೀಚರುಗಳಿಗೆ ಹಚ್ಚಿದ್ದ ಜಾತಿ ಸಮೀಕ್ಷೆಯ ಕೆಲಸ ಮುಗಿದಿಲ್ಲ ಅಂತ ಸರ್ಕಾರಿ, ಅನುದಾನಿತ ಶಾಲೆಗಳಿಗೆ 18ರವರೆಗೆ ರಜೆ ಎಳೆದರು. ಮಗನ ಸ್ಕೂಲು ಎರಡೂ ಅಲ್ಲ, ಅವನಿಗೆ ಬರೀ ಹೊಟ್ಟೆ ಉರಿ.

ಇಷ್ಟಾದರೂ ಮಲೇಷ್ಯಾದ ಒಟ್ಟು ಖರ್ಚು ಕೇಳಿ. ಟಿಕೆಟ್ 74,000, ನನ್ನ ದಡ್ಡತನ 31,200, ಆರು ರಾತ್ರಿಯ ರೂಮು 36,000, ಓಡಾಟ 18,000, ಊಟ 24,000, ಪ್ರವೇಶ ಟಿಕೆಟ್‌ಗಳು 16,000, ಸಿಮ್ಮು ಇನ್ಶೂರೆನ್ಸು ಅಂತ 7,000. ಒಟ್ಟು 2,06,200. ದಂಡ ಕಟ್ಟಿಯೂ ಸಿಂಗಾಪುರದ ಹತ್ತಿರ ಹತ್ತಿರ ಅರ್ಧ. ವೀಸಾ ಇಲ್ಲ, 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನ ಬಿಟ್ಟುಕೊಟ್ಟಿದ್ದರು. ಅಲ್ಲಿ ತಲುಪುವ ಮುಂಚಿನ ಮೂರು ದಿನದ ಒಳಗೆ ಆನ್‌ಲೈನ್‌ನಲ್ಲಿ ಒಂದು ಆಗಮನ ಕಾರ್ಡ್ ತುಂಬಬೇಕು, ಅಷ್ಟೇ. ಹೋಟೆಲ್ ಕೌಂಟರಿನಲ್ಲಿ ರೂಮಿಗೆ ರಾತ್ರಿಗೆ 10 ರಿಂಗಿಟ್ ಟೂರಿಸಂ ತೆರಿಗೆ ಬೇರೆ ಕೇಳುತ್ತಾರೆ, ಮೊದಲೇ ಗೊತ್ತಿದ್ದರೆ ಜಗಳ ಆಗಲ್ಲ.

ಮಳೆ ಬಂತಾ ಅಂದರೆ ಬಂತು, ದಿನಾ ಮಧ್ಯಾಹ್ನ ಒಂದು ಗಂಟೆ ಜಡಿದು ನಿಲ್ಲುತ್ತಿತ್ತು. ನಮ್ಮ ಕೈಯಲ್ಲಿ ಬಸ್ಸಿನ ಟೈಮ್‌ಟೇಬಲ್ ಇರಲಿಲ್ಲ, ಹಾಗಾಗಿ ಮಳೆಗೆ ನಿದ್ದೆ ಮಾಡಿದೆವು. ಕೌಲಾಲಂಪುರದ ಕೆಎಲ್ ಸೆಂಟ್ರಲ್ ಸ್ಟೇಷನ್‌ನಿಂದ ಲೋಕಲ್ ಟ್ರೈನಿನಲ್ಲಿ ಬಟು ಗುಹೆಗೆ ಹೋಗಿ 272 ಮೆಟ್ಟಿಲನ್ನು ಮಗ ಎಣಿಸಿಕೊಂಡು ಹತ್ತಿದ, ಒಂದು ಕೋತಿ ಅವನ ಬಾಳೆಹಣ್ಣು ಕಿತ್ತುಕೊಂಡು ಹೋಯಿತು. ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆ ಎಲೆ ಊಟ. ಪೆನಾಂಗಿಗೆ ಬಟರ್‌ವರ್ತ್‌ವರೆಗೆ ನಾಲ್ಕು ಗಂಟೆ ರೈಲು, ಅಲ್ಲಿಂದ ದೋಣಿ. ರೂಮಿನಲ್ಲಿ ಚಿಕ್ಕ ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಅನ್ನ, ಮನೆಯಿಂದ ಒಯ್ದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ. ಊಟ 24,000ಕ್ಕೆ ನಿಂತಿದ್ದು ಅದರಿಂದಲೇ. ಅಕ್ಟೋಬರ್‌ನಲ್ಲಿ ಫೀಸಿನ ಕಂತೂ ತಲೆ ಮೇಲೆ ಇರಲಿಲ್ಲ.

ಡಿಸೆಂಬರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹವೆ ಅಂದರೆ ಅದೇ ಹವೆ, ಫುಕೆಟ್‌ನಲ್ಲಿ ಆಗ ಮಳೆ ಮುಗಿದು ಸಮುದ್ರ ಕನ್ನಡಿ ಥರ ಇತ್ತು. ಮಗಳಿಗೆ 24ರಿಂದ ಕ್ರಿಸ್‌ಮಸ್ ರಜೆ. ಮಗನ ಸ್ಕೂಲಿನಲ್ಲಿ 25 ಒಂದೇ ದಿನ, ಪೂರ್ತಿ ದಸರಾ ರಜೆ ಕೊಟ್ಟ ಸ್ಕೂಲುಗಳು ಹಾಗೇ. ಅವನು ನಾಲ್ಕೈದು ದಿನ ಚಕ್ಕರ್ ಹೊಡೆದ, ಮೂರನೇ ಕ್ಲಾಸು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಟಿಕೆಟ್ ತಲೆಗೆ 31,000. ರೂಮು ಮಾಮೂಲಿ ಬೆಲೆಯ ಹತ್ತಿರ ಎರಡರಷ್ಟು. ಡಿಸೆಂಬರ್ 31ರ ರಾತ್ರಿ ಹೋಟೆಲಿನವರದು ಗಾಲಾ ಡಿನ್ನರ್, ಅದು ಕಡ್ಡಾಯ, ತಿನ್ನಿ ಬಿಡಿ 16,500 ಕಟ್ಟಲೇಬೇಕು. ಸಸ್ಯಾಹಾರಿಗಳಾದ ನಾವು ಅಷ್ಟು ದುಡ್ಡು ಕೊಟ್ಟು ಕಲ್ಲಂಗಡಿ, ಬ್ರೆಡ್ಡು, ಮೂರು ಬಗೆಯ ಪುಡಿಂಗ್ ತಿಂದು ಬಂದೆವು. ಒಟ್ಟು ಮೂರು ಲಕ್ಷ ದಾಟಿತು. ಇಬ್ಬರೂ ಸಂಪಾದಿಸುವ, ಒಂದೇ ಮಗು ಇರುವ ನಮ್ಮ ಮೇಲಿನ ಮನೆಯವರಿಗೆ ಡಿಸೆಂಬರ್ ಸರಿಯಾಗಬಹುದು. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಪ್ಯಾಕೇಜೇ ವಾಸಿ, ಅದನ್ನು ನಾನೂ ಒಪ್ಪುತ್ತೇನೆ.

ನಮಗೆ ದಸರಾ. ಬಟ್ಟೆ ಒಗೆದುಕೊಂಡು, ಅನ್ನ ಮಾಡಿಕೊಂಡು ತಿರುಗುವ ಅಭ್ಯಾಸ ಇದೆ, ಎರಡು ಲಕ್ಷದ ಚೀಟಿ ಇದೆ. ಈ ಸಲ ಕೊಲಂಬೊ ಅಂತ ಯೋಚನೆ, ಒಂದೂವರೆ ಗಂಟೆಯ ವಿಮಾನ. ಸೇಲ್ ಬಂದಾಗ ಫೋನ್ ಇವರ ಕೈಗೆ ಕೊಟ್ಟು ಅಡುಗೆ ಮನೆಗೆ ಹೋಗಿಬಿಟ್ಟೆ. ಎರಡೂ ಸ್ಕೂಲಿನ ಆಫೀಸಿಗೆ ಫೋನ್ ಮಾಡಿ ದಸರಾ ರಜೆ ಯಾವಾಗ ಅಂತ ಕೇಳಿದೆ. ಮಗನ ಸ್ಕೂಲಿನವರು "ಸರ್ಕಾರದ್ದು ಬರಲಿ ಮೇಡಂ" ಅಂದರು. ಮಗಳ ಸ್ಕೂಲಿನವರು "ಡೈರಿಯಲ್ಲಿ ಇರುತ್ತೆ ಮೇಡಂ, ಡೈರಿ ಜೂನ್‌ನಲ್ಲಿ" ಅಂದರು.