ಕಾರವಾರದ ಮೀನೂಟದ ಹೋಟೆಲಿಗೆ ಬಿಲ್ಲಿಂಗ್ ಸಾಫ್ಟ್‌ವೇರ್: 'ಖಲಾಸ್' ಬಟನ್‌ಗೆ ನಾಲ್ಕು ಸ್ಟಾರ್

ಮೊದ್ಲೇ ಹೇಳ್ಬಿಡ್ತೇನೆ, ಎರಡೂ ಸಾಫ್ಟ್‌ವೇರಿನ ಹೆಸರು ಹಾಕೋದಿಲ್ಲ. ಬೈದಿದ್ದಕ್ಕೆ ಹೆಸರು ಹಾಕಿದ್ರೆ ಕಂಪನಿಯವ್ರು ಫೋನ್ ಮಾಡ್ತಾರೆ, ಹೊಗಳಿದ್ದಕ್ಕೆ ಹಾಕಿದ್ರೆ ನೀವು 'ಎಷ್ಟು ತಗೊಂಡೆ ಮಾರಾಯ' ಅಂತ ಕೇಳ್ತೀರಿ. ನಾನು ಕಾರವಾರದಲ್ಲಿ ನಮ್ಮ ಭಾವನ ಹೋಟೆಲಲ್ಲಿ ಕ್ಯಾಶ್ ಮೇಲೆ ಕೂರೋನು. ಹನ್ನೆರಡು ಟೇಬಲ್, ಮೂರು ಜನ ವೇಟರ್, ಅಡುಗೆಗೆ ಒಬ್ರು ಮಾಮಾ (ಯಾರ ಮಾಮಾ ಅಂತ ಕೇಳ್ಬೇಡಿ, ಊರಿಗೇ ಮಾಮಾ), ಹಿಂದೆ ಪಾರ್ಸೆಲ್ ಕಟ್ಟೋಕೆ ಒಬ್ರು ಅಕ್ಕ.

ಮೊದಲನೇ ಸಾಫ್ಟ್‌ವೇರ್ ಬಂದ ಕಥೆ ಹೇಳ್ದೆ ಎರಡನೇದಕ್ಕೆ ಯಾಕೆ ನಾಲ್ಕು ಸ್ಟಾರ್ ಅಂತ ಗೊತ್ತಾಗೋದಿಲ್ಲ. ದೊಡ್ಡ ಊರಿಂದ ಇಬ್ರು ಬಂದ್ರು, ಭಾವನನ್ನ ಒಂದು ಲಾಡ್ಜಿನ ಏಸಿ ರೂಮಿಗೆ ಕರ್ಕೊಂಡು ಹೋಗಿ ಡೆಮೋ ತೋರ್ಸಿದ್ರು, ಸ್ಕ್ರೀನ್ ಮೇಲೆ ಬರ್ಗರ್ ಪನೀರ್ ಟಿಕ್ಕಾ ಫೋಟೋ ಫಳಫಳ ಅಂತಿತ್ತಂತೆ, ಭಾವ ವಾಪಸ್ ಬರೋವಾಗ ಮೂರು ವರ್ಷದ ದುಡ್ಡು ಕಟ್ಟೇ ಬಂದಿದ್ರು. ನನ್ನನ್ನ ಕೇಳ್ಲಿಲ್ಲ. ವೇಟರ್‌ಗಳನ್ನಂತೂ ಯಾರು ಕೇಳ್ತಾರೆ.

ಮೀನಿನ ಹೋಟೆಲಿನ ಸಂಗತಿ ಏನಂದ್ರೆ ಮೆನು ಅನ್ನೋದು ಬೆಳಿಗ್ಗೆ ಮಾರ್ಕೆಟ್ಟಲ್ಲಿ ಹುಟ್ಟತ್ತೆ. ಭಾವ ಏನು ತರ್ತಾರೋ ಅದು, ಎಷ್ಟಕ್ಕೆ ತರ್ತಾರೋ ಅದ್ರ ಮೇಲೆ ರೇಟು. ಬಂಗಡೆ ನಿನ್ನೆ ಒಂದು ರೇಟು ಇವತ್ತು ಒಂದು ರೇಟು, ಇಸ್ವಣದ ತುಂಡು ದೊಡ್ಡದಾದ್ರೆ ಒಂದು ಸಣ್ಣದಾದ್ರೆ ಇನ್ನೊಂದು. ಆ ಸಾಫ್ಟ್‌ವೇರಲ್ಲಿ ರೇಟ್ ಬದಲಾಯಿಸ್ಬೇಕು ಅಂದ್ರೆ ಓನರ್ ಲಾಗಿನ್ ಬೇಕು, ಓಟಿಪಿ ಭಾವನ ಫೋನಿಗೆ ಬರ್ತದೆ, ಭಾವ ಆಗ ಮಾರ್ಕೆಟ್ಟಲ್ಲಿ ಕೈ ತುಂಬಾ ಮೀನು ಹಿಡ್ಕೊಂಡು ನಿಂತಿರ್ತಾರೆ. ಹೆಸರಿನ ಕಥೆ ಕೇಳಿ: ನಮ್ಮವ್ರು ಇಸ್ವಣ ಅಂತಾರೆ, ಗೋವಾ ಮಹಾರಾಷ್ಟ್ರದಿಂದ ಬಂದವ್ರು ಸುರ್ಮೈ ಅಂತಾರೆ, ಮಂಗಳೂರು ಕಡೆಯವ್ರು ಅಂಜಲ್, ಬೋರ್ಡಲ್ಲಿ ಕಿಂಗ್‌ಫಿಶ್. ಇರೋ ಮೀನು ಒಂದೇ, ಅದ್ರಲ್ಲಿ ನಾಲ್ಕು ಐಟಂ ಆಗಿ ಕೂತಿತ್ತು, ರಾತ್ರಿ ಲೆಕ್ಕ ನೋಡಿದ್ರೆ ಇವತ್ತು ಇಸ್ವಣ ಎಷ್ಟು ಹೋಯ್ತು ಅಂತ ದೇವ್ರಿಗೇ ಗೊತ್ತು.

ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟು ಕಡಲಿಗೆ ಇಳಿಯೋ ಹಾಗಿಲ್ಲ ಅನ್ನೋದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಆವಾಗ ನಮ್ಮದು ಒಣಮೀನು, ಚಿಕನ್, ಮೊಟ್ಟೆ, ನಾಡದೋಣಿಯವ್ರು ತಂದಿದ್ದು ಸಿಕ್ಕಿದ್ರೆ ಸಿಕ್ತು. ಆ ಸಾಫ್ಟ್‌ವೇರಲ್ಲಿ ಐಟಂ ತಾತ್ಕಾಲಿಕವಾಗಿ ಮುಚ್ಚಿಡೋಕೆ ದಾರಿನೇ ಇರ್ಲಿಲ್ಲ, ಡಿಲೀಟ್ ಮಾಡ್ಬೇಕು, ಡಿಲೀಟ್ ಮಾಡಿದ್ರೆ ಅದ್ರ ಹಳೇ ಲೆಕ್ಕಾನೂ ಹೋಯ್ತು. ಸಪೋರ್ಟಿಗೆ ಫೋನ್ ಮಾಡಿದ್ರೆ 'ಸರ್, ಎರಡು ತಿಂಗಳು ಯಾಕೆ ನಿಮ್ಮ ಮೇನ್ ಐಟಂ ಮಾರೋದಿಲ್ಲ' ಅಂತ ನನ್ನನ್ನೇ ಕೇಳಿದ್ರು! ನಗೋದೋ ಅಳೋದೋ.

ಕೊನೆಗೆ ಏನಾಯ್ತು ಅಂದ್ರೆ ವೇಟರ್‌ಗಳು ಸದ್ದಿಲ್ದೆ ಚೀಟಿಗೆ ವಾಪಸ್ ಹೋದ್ರು. ಟ್ಯಾಬ್ ಅಡಿಗೆ ಚೀಟಿ ಬುಕ್ಕು. ಚೀಟಿ ಅಡುಗೆಮನೆಗೆ, ನಾನು ರಾತ್ರಿ ಹತ್ತೂವರೆಗೆ ಕೂತು ಎಲ್ಲಾ ಚೀಟಿ ಕಂಪ್ಯೂಟರಿಗೆ ಹೊಡೆಯೋದು. ಭಾವ ಮಾತ್ರ 'ನೋಡು, ಸಿಸ್ಟಂ ಬಂದ್ಮೇಲೆ ಎಷ್ಟು ಕ್ಲೀನ್ ಆಯ್ತು' ಅಂತಿದ್ರು. ನಾನು ಸುಮ್ನಿದ್ದೆ.

ಈಗ ಎರಡನೇದು. ಕುಮಟಾ ಕಡೆ ಹುಡುಗ, ಅವನೂ ಅವನ ಸ್ನೇಹಿತನೂ ಸೇರಿ ಮಾಡೋದು. ಮೊದಲ ದಿನ ಲ್ಯಾಪ್‌ಟಾಪೇ ತರ್ಲಿಲ್ಲ. ಭಾನುವಾರ ಮಧ್ಯಾಹ್ನ ಬರ್ತೇನೆ ಅಂದ, ನಾನು 'ಮಾರಾಯ ಆವಾಗ ಮಾತಾಡೋಕೆ ಪುರುಸೊತ್ತಿರೋದಿಲ್ಲ' ಅಂದ್ರೆ 'ಅದಕ್ಕೇ ಬರ್ತೇನೆ ಅಣ್ಣ' ಅಂದ. ಬಂದು ಕೈ ತೊಳೆಯೋ ಬೇಸಿನ್ ಹತ್ರ ನಿಂತ, ಮೂರು ಗಂಟೆ ತನಕ ನಿಂತೇ ಇದ್ದ, ನಡುವೆ ಎರಡು ಟೇಬಲಿಗೆ ನೀರೂ ಕೊಟ್ಟ. ಒಂದು ನೋಟ್‌ಬುಕ್ಕಲ್ಲಿ ಏನೇನೋ ಗೀಚ್ಕೊಂಡ.

ಆ ದಿನ ಒಂದೂವರೆಗೆ ಮಾಮಾ ಒಳಗಿಂದ 'ಸುಂಗಟಾ ಖಲಾಸ್!' ಅಂತ ಕೂಗಿದ್ರು. ದಿನಾ ಕೂಗ್ತಾರೆ. ಸಿಗಡಿ ಮುಗೀತು ಅಂತ. ಒಬ್ಬ ವೇಟರಿಗೆ ಕೇಳ್ತು, ಇಬ್ರಿಗೆ ಕೇಳ್ಲಿಲ್ಲ, ಆ ಇಬ್ರು ಮತ್ತೆ ಮೂರು ಸಿಗಡಿ ಫ್ರೈ ಆರ್ಡರ್ ತಗೊಂಡ್ರು, ಆಮೇಲೆ ಟೇಬಲಿಗೆ ಹೋಗಿ ಮುಖ ಸಣ್ಣ ಮಾಡ್ಕೊಂಡು ಸಾರಿ ಹೇಳಿದ್ರು. ನಮಗೆ ಅದು ಒಂದು ಸಮಸ್ಯೆ ಅಂತಾನೇ ಅನ್ಸಿರ್ಲಿಲ್ಲ ನೋಡಿ, ಮಳೆಗಾಲದಲ್ಲಿ ಮಳೆ ಬಂದ ಹಾಗೆ. ನೀವು ನನ್ನನ್ನ ಕೂರ್ಸಿ 'ನಿಮಗೆ ಏನು ಬೇಕು' ಅಂತ ಹತ್ತು ಸಲ ಕೇಳಿದ್ರೂ ನಾನು ಇದನ್ನ ಹೇಳ್ತಿರ್ಲಿಲ್ಲ. ಈಗ ಅಡುಗೆಮನೆ ಗೋಡೆ ಮೇಲಿನ ಟ್ಯಾಬಲ್ಲಿ ಪ್ರತಿ ಮೀನಿನ ಪಕ್ಕ ಒಂದು ದೊಡ್ಡ ಕೆಂಪು ಬಟನ್ ಇದೆ, ಅದ್ರ ಮೇಲೆ 'ಖಲಾಸ್' ಅಂತಾನೇ ಬರ್ದಿದೆ. ಮಾಮಾ ಕೈಗೆ ಮಸಾಲೆ ಇದ್ರೂ ಮೊಣಕೈಯಿಂದ ಒತ್ತುತ್ತಾರೆ, ಮೂವರ ಟ್ಯಾಬಲ್ಲೂ ಸಿಗಡಿ ಬೂದಿ ಬಣ್ಣ ಆಗ್ತದೆ. ಬಟನ್ ಅಷ್ಟು ದೊಡ್ಡದು ಯಾಕೆ ಅಂದ್ರೆ ಮೊಣಕೈ ಬೆರಳಲ್ಲವಲ್ಲ.

ಎರಡನೇ ವಾರ ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಪೆನ್ಸಿಲಿಂದ ಸ್ಕ್ರೀನ್ ಬರ್ಕೊಂಡು ಬಂದ. ವೇಟರ್ ಮುಂದೆ ಇಟ್ಟು 'ಆರನೇ ಟೇಬಲ್, ಎರಡು ಥಾಲಿ, ಒಂದು ಬಂಗಡೆ ರವಾ ಫ್ರೈ, ಒಂದು ಸೋಲ್ ಕಡಿ, ಒತ್ತು ನೋಡುವ' ಅಂದ. ಹುಡುಗ್ರು ನಕ್ರು, ಕಾಗದ ಒತ್ತೋದಾ ಅಂತ. ಒತ್ತಿದ್ರು. ಎಲ್ಲಿ ಕೈ ತಡವರಿಸ್ತೋ ಅಲ್ಲಿ ರಬ್ಬರ್ ತಗೊಂಡು ಅಳ್ಸಿ ಬೇರೆ ಕಡೆ ಬರ್ದ. ಥಾಲಿ ಮೊದ್ಲು ಬರ್ಬೇಕು, ಫ್ರೈ ಆಮೇಲೆ, ಟೇಬಲ್ ಬದಲಾಯಿಸೋದು ಒಂದೇ ಒತ್ತಿಗೆ ಆಗ್ಬೇಕು (ಫ್ಯಾಮಿಲಿಯವ್ರು ಕೂತ್ಮೇಲೆ ಫ್ಯಾನ್ ಇರೋ ಕಡೆ ಹೋಗೋದು ಗ್ಯಾರಂಟಿ), ಇದೆಲ್ಲಾ ಕ್ಯಾಲೆಂಡರ್ ಮೇಲೇ ಮುಗೀತು. ಇದು ಅವನ ಹೊಸ ಐಡಿಯಾ ಅಂತ ನಾನು ತಿಳ್ಕೊಂಡಿದ್ದೆ, ಅಲ್ವಂತೆ. 1981ರಿಂದ ಕೆಲವು ವರ್ಷ ಸ್ವೀಡನ್ ಕಡೆ ಯುಟೋಪಿಯಾ ಅಂತ ಒಂದು ಪ್ರಾಜೆಕ್ಟ್ ನಡೆದಿತ್ತಂತೆ, ಪತ್ರಿಕೆ ಪ್ರೆಸ್ಸಿನ ಕೆಲಸಗಾರರನ್ನೇ ಕೂರ್ಸ್ಕೊಂಡು, ಇನ್ನೂ ಬಾರದ ಕಂಪ್ಯೂಟರ್ ಪ್ರಿಂಟರ್ ಬದ್ಲು ರಟ್ಟಿನ ಡಬ್ಬ, ಪ್ಲೈವುಡ್ ಇಟ್ಟು, ಇದು ಪ್ರಿಂಟರ್ ಅಂದ್ಕೊಂಡು ಕೆಲ್ಸ ಮಾಡಿ ನೋಡಿ ಅಂದಿದ್ರಂತೆ. ಮಾಮಾ ಅದನ್ನ ಕೇಳಿ 'ನಾವು ಸಣ್ಣೋರಿದ್ದಾಗ ತೆಂಗಿನ ಚಿಪ್ಪಲ್ಲಿ ಮಣ್ಣಿನ ಅನ್ನ ಮಾಡ್ತಿದ್ವಲ್ಲ, ಹಾಗೆ' ಅಂದ್ರು. ಹುಡುಗ ಹೌದು ಅಂದ.

ಕೇಳಿದ್ದೆಲ್ಲಾ ಮಾಡಿ ಕೊಡ್ತಾನೆ ಅಂತ ಮಾತ್ರ ಅಂದ್ಕೋಬೇಡಿ. ನಾನು ಹದಿನಾಲ್ಕು ಥರದ ರಿಪೋರ್ಟ್ ಬೇಕು ಅಂತ ಪಟ್ಟಿ ಕೊಟ್ಟೆ. 'ಅಣ್ಣ, ನಿನ್ನೆ ರಾತ್ರಿ ಯಾವ್ದು ನೋಡಿದ್ರಿ?' ಅಂದ. ಯೋಚ್ನೆ ಮಾಡಿದ್ರೆ ನಾನು ನೋಡೋದು ಒಂದೇ, ಕ್ಯಾಶ್ ಎಷ್ಟು ಯುಪಿಐ ಎಷ್ಟು, ಡ್ರಾಯರಿಗೆ ತಾಳೆ ಆಯ್ತಾ ಇಲ್ವಾ. ಅದೊಂದೇ ಮಾಡ್ಕೊಟ್ಟ, ಪಟ್ಟಿ ವಾಪಸ್ ಕೊಟ್ಟ. ಬೇಜಾರಾಯ್ತು, ಆದ್ರೆ ಇವತ್ತಿಗೂ ಆ ಉಳಿದ ಹದಿಮೂರು ನೆನಪಾಗಿಲ್ಲ. ಭಾವ ಊಟದ ಫೋಟೋ ಬೇಕೇ ಬೇಕು ಅಂದಿದ್ರು, ಅದೂ ಇಲ್ಲ. ಭಾವ ಸ್ವಲ್ಪ ದಿನ ಮುನಿಸ್ಕೊಂಡಿದ್ರು.

ತೊಂದ್ರೆಗಳು ಇಲ್ವಾ ಅಂದ್ರೆ ಇವೆ. ನೆಟ್ ಹೋದ್ರೂ ನಡೀತದೆ, ಆದ್ರೆ ಆ ಹೊತ್ತಲ್ಲಿ ಒಂದು ಟ್ಯಾಬಿಗೆ ಇನ್ನೊಂದು ಗೊತ್ತಿರೋದಿಲ್ಲ, ಕೊನೇ ಒಂದು ಪಾಪ್ಲೆಟ್ ಇಬ್ರಿಗೆ ಮಾರಿ ಒಮ್ಮೆ ಜಗಳ ಆಗಿದೆ. ಹುಡುಗ ರೈಲಲ್ಲಿದ್ರೆ ಫೋನ್ ಹತ್ತೋದಿಲ್ಲ, ಕೊಂಕಣ ರೈಲ್ವೆ ಸುರಂಗ ಒಂದಾ ಎರಡಾ. ಪ್ರಿಂಟರ್ ಪೇಪರ್ ಬಿಸಿಗೆ ಕಪ್ಪಾಗೋ ಜಾತಿದು, ಒಲೆ ಹತ್ರ ಇಟ್ಟಿದ್ದು ನಮ್ಮದೇ ತಪ್ಪು, ಈಗ ಸರಿಸಿದ್ದೇವೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕಲ್ಲ. ಸಾಫ್ಟ್‌ವೇರ್ ಜನ್ರಿಗೆ ಬಳಸೋಕೆ ಸುಲಭ ಇದ್ಯಾ ಅಂತ ನೋಡೋದ್ರಲ್ಲಿ ಹೆಸರಾದ ಜೇಕಬ್ ನೀಲ್ಸನ್ ಅನ್ನೋರು 2000ನೇ ಇಸವಿಯಲ್ಲಿ ಬರ್ದಿದಾರಂತೆ, ಐದು ಜನರ ಕೈಲಿ ಬಳಸಿ ನೋಡ್ಸಿದ್ರೆ ಹೆಚ್ಚಿನ ತೊಂದ್ರೆ ಸಿಕ್ಕಿಬೀಳ್ತದೆ ಅಂತ. ಹುಡುಗ ಅದನ್ನ ಹೇಳ್ದಾಗ ನಾನೇ ಎಣಿಸಿ ಕೊಟ್ಟೆ: ಮೂರು ವೇಟರ್, ಮಾಮಾ, ನಾನು, ಐದಾಯ್ತು ನೋಡು. ಬೇರೆ ಬೇರೆ ಥರದ ಕೆಲ್ಸದವ್ರು ಇದ್ರೆ ಪ್ರತಿ ಥರದವ್ರನ್ನೂ ಬೇರೆಯಾಗಿ ನೋಡ್ಬೇಕು ಅಂತಾನೂ ಅವ್ರೇ ಬರ್ದಿದಾರೆ ಅನ್ನೋದು ನನಗೆ ಆಮೇಲೆ ಗೊತ್ತಾಯ್ತು. ಹಿಂದೆ ಪಾರ್ಸೆಲ್ ಕಟ್ಟೋ ಅಕ್ಕ ಇಬ್ರಿಗೂ ನೆನಪಾಗ್ಲಿಲ್ಲ. ಪಾರ್ಸೆಲ್ ಚೀಟಿ ಇಂಗ್ಲಿಷಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಬರ್ತದೆ. ಅಕ್ಕ ಕನ್ನಡ ಓದ್ತಾರೆ, ಅದೂ ಕನ್ನಡಕ ಇದ್ರೆ. ನಾಲ್ಕು ತಿಂಗಳು ಪಕ್ಕದಲ್ಲಿ ಹೋಗೋ ವೇಟರನ್ನ ನಿಲ್ಸಿ 'ಇದ್ರಲ್ಲಿ ಎಂತ ಬರ್ದಿದೆ' ಅಂತ ಕೇಳಿ ಕೇಳಿ ಕಟ್ಟಿದಾರೆ, ನಮಗೆ ಒಂದು ಮಾತು ಹೇಳಿಲ್ಲ. ಹೋದ ವಾರ ತಿಸ್ರೆ (ಚಿಪ್ಪುಮೀನು) ಸುಕ್ಕಾ ಹೋಗ್ಬೇಕಾದಲ್ಲಿ ಮೊಟ್ಟೆ ಮಸಾಲಾ ಹೋದಾಗ್ಲೇ ಹೊರಗೆ ಬಂದದ್ದು.

ಹುಡುಗನಿಗೆ ಫೋನ್ ಮಾಡಿದೆ. ಬರೋ ಭಾನುವಾರ ಮಧ್ಯಾಹ್ನ ಬರ್ತಾನಂತೆ, ಪಾರ್ಸೆಲ್ ಕಟ್ಟೋ ಮೂಲೆಯಲ್ಲಿ ನಿಲ್ತಾನಂತೆ. ಅಕ್ಕನಿಗೆ ಹೇಳಿದ್ರೆ 'ಅಲ್ಲಿ ನನಗೇ ನಿಲ್ಲೋಕೆ ಜಾಗ ಇಲ್ಲ, ಅವ್ನನ್ನ ಎಲ್ಲಿ ನಿಲ್ಸ್ಲಿ' ಅಂದ್ರು.