ಕಾರ್ಫ್ ಕ್ಯಾಸಲ್: ಗವಂಡಿ ಕಣ್ಣಿಗೆ ಕಂಡಂಗ

ನಾ ಬೈಲಹೊಂಗಲದಾಂವ. ನಲವತ್ತು ವರ್ಷ ಗವಂಡಿ ಕೆಲಸ ಮಾಡೇನಿ, ಈಗ ಮೊಣಕಾಲು ಮಾತು ಕೇಳಂಗಿಲ್ಲ. ಮಗ ಇಂಗ್ಲೆಂಡಿನ ಬೋರ್ನ್‌ಮತ್ ಊರಾಗ ಅದಾನ. ಹ್ವಾದ ಬ್ಯಾಸಿಗ್ಯಾಗ ಅವನ ಮನೀಗೆ ಹೋದಾಗ ಕಾರ್ಫ್ ಕ್ಯಾಸಲ್ ಅನ್ನೋ ಹಾಳು ಕೋಟಿಗೆ ಕರಕೊಂಡು ಹೋದ. "ಅಪ್ಪಾ, ಬಿದ್ದ ಗ್ವಾಡಿ ತೋರ್ಸಾಕ ತಂದ್ಯಾ ಅಂತ ಬೈಬ್ಯಾಡ ಮತ್ತ" ಅಂತ ಮೊದಲ ಹೇಳಿದ್ದ. ಬೈಯೂದೆಲ್ಲಿ, ಮೂರು ತಾಸು ಅಲ್ಲೇ ಕಳದೆ.

ಗುಡ್ಡದ ನೆತ್ತಿ ಮ್ಯಾಲಿನ ದೊಡ್ಡ ಬುರುಜು 1105ರ ಸುಮಾರಿಗೆ ಒಂದನೇ ಹೆನ್ರಿ ರಾಜಾ ಕಟ್ಟಿಸಿದ್ದು. 21 ಮೀಟರ್ ಎತ್ತರ. ಕಲ್ಲು ಅಲ್ಲೀದ, ಪರ್ಬೆಕ್ ಸುಣ್ಣಕಲ್ಲು. ಒಳಗ ಹೊರಗ ತಿದ್ದಿದ ಕಲ್ಲು, ನಡುವ ಚೂರುಕಲ್ಲು ಹಾಕಿ ಸುಣ್ಣದ ಗಚ್ಚು ಜಡದಾರ. ಒಂದನೇ ಚಾರ್ಲ್ಸ್ ರಾಜಾಗೂ ಪಾರ್ಲಿಮೆಂಟಿಗೂ ನಡದ ಯುದ್ಧದಾಗ ಈ ಕೋಟಿ ರಾಜನ ಕಡೆ ಇತ್ತು; 1646ರಾಗ ಪಾರ್ಲಿಮೆಂಟಿನ ಮಂದಿ ಗೆದ್ದು, ಪಾಯಾ ತೋಡಿ, ಮದ್ದಿಟ್ಟು ಹಾರಿಸಿದ್ರು. ಆದ್ರೂ ಗಚ್ಚು ಬಿಟ್ಟಿಲ್ಲ ನೋಡ್ರಿ! ಖೋಲಿಯಷ್ಟು ದೊಡ್ಡ ತುಂಡು ಬೆಲ್ಲದ ಪೆಂಟಿ ಹಂಗ ಗಟ್ಟಿ ಹಿಡಕೊಂಡು ಇಳಿಜಾರಿನಾಗ ಬಿದ್ದಾವು. ಒಂದು ಅಗಸಿಯಂತೂ ನಡುವ ಸೀಳಿ, ಅದರ ಅರ್ಧ ನಿಂತ ಕಾಲ ಮ್ಯಾಲೆ ಕೆಳಗ ಜಾರೇತಿ, ಉರುಳಿಲ್ಲ. ನಾ ಸಿಮೆಂಟಿನಾಗ ಕಟ್ಟಿದ ಗ್ವಾಡಿ ಹಂಗ ಜಾರಿದ್ರ ಪುಡಿಪುಡಿ. ಒಪ್ಕೋತೇನಿ.

ಕೋಟಿ ಕಾಯ್ದಾಕಿ ಒಬ್ಬ ಹೆಣ್ಮಗಳು, ಮೇರಿ ಬ್ಯಾಂಕ್ಸ್. ಗಂಡ ರಾಜನ ಕಡೆ ನ್ಯಾಯಾಧೀಶ, ಮನ್ಯಾಗ ಇರಲಿಲ್ಲ. 1643ರಾಗ ವೈರಿ ಬಂದು ಸುತ್ತಗಟ್ಟಿದಾಗ ಸಿಪಾಯಿಗಳ ಜೋಡಿ ಈಕಿ, ಮಗಳಂದಿರು, ಆಳಿನ ಹೆಣ್ಮಕ್ಕಳು ಮ್ಯಾಲಿಂದ ಕಲ್ಲು, ಕೆಂಡ ಸುರುವಿ ಆರು ವಾರ ತಡದ್ರು. ವೈರಿಗಳು ಊರ ಚರ್ಚಿನ ಮಾಳಗಿ ಸೀಸಾ ಕಿತ್ತು ಗುಂಡು ಮಾಡಿದ್ರಂತ. ಎರಡನೇ ಸಲದ ಮುತ್ತಿಗ್ಯಾಗ ಒಳಗಿನಾಂವ ಕೈ ಕೊಟ್ಟ: ಪಿಟ್ಮನ್ ಅನ್ನೋ ಅಧಿಕಾರಿ, ಸಹಾಯಕ್ಕ ಬಂದ ದಂಡು ಅಂತ ಹೇಳಿ ವೈರಿಗಳನ್ನ ಒಳಗ ಬಿಟ್ಟ. ಮಗ ಫಲಕ ಓದಿ ಹೇಳೂಮುಂದ ನಂಗ ಮಾತ ಬರಲಿಲ್ಲ. ಚೆನ್ನಮ್ಮನ ಸಮಾಧಿ ಇದ್ದ ಊರಾಗ ಬೆಳದಾಂವ ನಾ. 1824ರ ಡಿಸೆಂಬರದಾಗ ಕಿತ್ತೂರ ಬಿದ್ದದ್ದಕ್ಕ ಮದ್ದಿನಾಗ ಸಗಣಿ ಬೆರಸಿದ ಕತಿ ನಮ್ಮ ಕಡೆ ಇನ್ನೂ ಹೇಳ್ತಾರಲ್ಲ.

ಹೋಗವರಿಗೆ: ಟಿಕೀಟು ಐತಿ. ಏರು ಜಾಸ್ತಿ, ಮಳಿ ಬಂದ್ರ ನೆಲ ಜಾರತೈತಿ. ಕೆಳಗ ಒಂದು ಅಂಗಡ್ಯಾಗ ಬಿಸಿನೀರಾಗ ಚಾದ ಚೀಲ ಅದ್ದಿ, ಹಾಲು ಬ್ಯಾರೆ ಕೊಟ್ರು. ಮನಿಂದ ಥರ್ಮಾಸ್ ಒಯ್ಯೂದು ಚಲೋ. ಮ್ಯಾಲಿಂದ ಉಗಿಬಂಡಿ ಹೋಗೂದು ಕಾಣತೈತಿ, ಮೊಮ್ಮಕ್ಕಳಿಗೆ ಅದ ಜಾತ್ರಿ. ಐದರಾಗ ನಾಕು ನಕ್ಷತ್ರ. ಕಡಿಮಿ ಮಾಡಿದ ಒಂದು ನನ್ನ ಮೊಣಕಾಲಿಂದು.

ಕೋಟಿಯ ತಿದ್ದಿದ ಕಲ್ಲು ಬಾಳಷ್ಟು ಈಗ ಕೆಳಗಿನ ಹಳ್ಳಿ ಮನಿ ಗ್ವಾಡ್ಯಾಗ ಅದಾವು. ಓಣಿ ಹಿಡದು ಒಂದೊಂದ ಗ್ವಾಡಿ ಮುಟ್ಟಿ, ಇದು ಅಲ್ಲಿಂದ ತಂದದ್ದು, ಇದು ಹೊಸಾದು ಅಂತ ಹೇಳ್ಕೋತ ಹೊಂಟೆ. ಮಗ ಬ್ಯಾಸತ್ತು ಕಾರಿನಾಗ ಹೋಗಿ ಕುಂತ.