ಮಾಡೆಲ್ ವಿಮಾನದ ಕ್ಯಾನೊಪಿ: ಕಿಟ್‌ದಾ, ವ್ಯಾಕ್‌ಫಾರ್ಮಾ, ನಾವೇ ಮಾಡೋದಾ?

ಕ್ಯಾನೊಪಿ ಅಂದ್ರೆ ಪೈಲಟ್ ಕೂರೋ ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ. ಅದನ್ನ ಮುಚ್ಚೇ ಇಡೋದಾದ್ರೆ ಕಿಟ್ ಜೊತೆ ಬಂದಿದ್ದೇ ಸಾಕು, ಗಟ್ಟಿ ಇರುತ್ತೆ, ಸರಿಯಾಗಿ ಕೂರುತ್ತೆ. ಆದ್ರೆ ದಪ್ಪ ಜಾಸ್ತಿ. 1/72 ಸ್ಕೇಲ್‌ನಲ್ಲಿ 1 ಮಿ.ಮೀ. ಪ್ಲಾಸ್ಟಿಕ್ ಅಂದ್ರೆ ನಿಜವಾದ ವಿಮಾನದಲ್ಲಿ 72 ಮಿ.ಮೀ. ಗಾಜು ಇದ್ದ ಹಾಗೆ, ಕ್ಯಾನೊಪಿ ತೆರೆದಿಟ್ರೆ ಅದು ಎದ್ದು ಕಾಣುತ್ತೆ.

ತೆರೆದಿಡೋದಾದ್ರೆ ನನ್ನ ಆಯ್ಕೆ ವ್ಯಾಕ್‌ಫಾರ್ಮ್ (ಬಿಸಿ ಮಾಡಿದ ಪ್ಲಾಸ್ಟಿಕ್ ಶೀಟನ್ನ ಗಾಳಿ ಹೀರಿ ಅಚ್ಚಿನ ಮೇಲೆ ಕೂರಿಸಿ ಮಾಡಿದ್ದು). ತೆಳು, ಒಳಗಿನ ಸೀಟು ಪ್ಯಾನೆಲ್ ಎಲ್ಲಾ ಚೆನ್ನಾಗಿ ಕಾಣುತ್ತೆ, ಆದ್ರೆ ಕತ್ತರಿಸೋದೇ ಕಷ್ಟ, ಒಳಗೆ ಮೆತ್ತನೆ ಪುಟ್ಟಿ ತುಂಬಿ, ಹೊಸ ಬ್ಲೇಡ್ ಹಾಕಿ, ಒತ್ತದೆ ಒಂದೇ ಗೆರೆ ಮೇಲೆ ಮತ್ತೆ ಮತ್ತೆ ಮೆಲ್ಲಗೆ ಎಳೀಬೇಕು, ಅವಸರ ಮಾಡಿದ್ರೆ ಸೀಳಿ ಹೋಗುತ್ತೆ.

ಹಳೇ ಕಿಟ್, ಕ್ಯಾನೊಪಿ ಕಳೆದೋಗಿದೆ, ಎಲ್ಲೂ ಸಿಗ್ತಿಲ್ಲ ಅಂದ್ರೆ ನಾವೇ ಮಾಡ್ಕೋಬೇಕು. ಮರದಲ್ಲಿ ಅಚ್ಚು ಕೆತ್ತಿ (ಶೀಟ್ ದಪ್ಪದಷ್ಟು ಸ್ವಲ್ಪ ಚಿಕ್ಕದಾಗಿ), ಚೆನ್ನಾಗಿ ಉಜ್ಜಿ, ಬಿಸಿ ಮಾಡಿದ ಪಿಇಟಿಜಿ (ಒಂದು ಬಗೆಯ ಪಾರದರ್ಶಕ ಪ್ಲಾಸ್ಟಿಕ್) ಶೀಟನ್ನ ಅದರ ಮೇಲೆ ಎಳೆದು ಒತ್ತಬೇಕು. ಅಚ್ಚಿನ ಮೇಲಿನ ಒಂದು ಸಣ್ಣ ಗೀರೂ ಪ್ಲಾಸ್ಟಿಕ್‌ನಲ್ಲಿ ಮೂಡಿಬಿಡುತ್ತೆ, ಹಾಗಾಗಿ ಉಜ್ಜೋದ್ರಲ್ಲಿ ಜಿಪುಣತನ ಬೇಡ.

ಯಾವುದೇ ಆಗ್ಲಿ, ಸೂಪರ್ ಗ್ಲೂ ಮಾತ್ರ ಬೇಡ, ಅದರ ಹೊಗೆಯಿಂದ ಕ್ಯಾನೊಪಿಗೆ ಮಂಜು ಹಿಡಿಯುತ್ತೆ. ಪಿವಿಎ (ಬಿಳಿ) ಗೋಂದು ಹಾಕಿ.